ಬಸುರಿ ಹೆಂಡತಿಯ ಗಂಡ | ನಮ್ಮ ಜಿಲ್ಲೆ, ನಮ್ಮ ಚರಿತ್ರೆ – ಭಾಗ 7

ಫೋಟೋದಲ್ಲಿರೋದು ಮದ್ದೂರು ಬಸ್ ಸ್ಟ್ಯಾಂಡ್, ಗುರುತು ಸಿಕ್ತಾ? ಹೋದ ಭಾನುವಾರ ನಮ್ಮಣ್ಣ ಇಲ್ಲೇ ಮಳವಳ್ಳಿ ಬಸ್ಸಿಗೆ ಕಾಯ್ತಿದ್ದ. ಅತ್ತಿಗೆಗೆ ಒಂಬತ್ತು ತಿಂಗಳು, ತವರಲ್ಲಿದ್ದಾರೆ. "ಭಯ ಆಯ್ತದೆ ಕಣ್ಲಾ, ಯಾರ್ಗ್ ಹೇಳಾದು?" ಅಂದ. ನನ್ನತ್ರ ಉತ್ತರ ಇರಲಿಲ್ಲ. ಅದಕ್ಕೇ ಈ ವಾರ ಅಪ್ಪ ಆಗೋರ ಚರಿತ್ರೆ.

ನಿಮ್ಮಜ್ಜೀನ ಕೇಳಿ ನೋಡಿ. ಹೆಂಡತಿ ಬಸುರಿ ಅಂದ್ರೆ ಗಂಡನಿಗೂ ಕಟ್ಟುಪಾಡು: ತೆಂಗಿನಕಾಯಿ ಒಡೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಕ್ಷೌರ ಮಾಡಿಸಬಾರದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಇನ್ನೂ ಅಚ್ಚರಿಯ ಸಂಗತಿ ಇದೆ. ಕೊರವರಲ್ಲಿ ಹೆಂಡತಿಗೆ ಹೆರಿಗೆಯಾದಾಗ ಗಂಡನೂ ಬಾಣಂತಿಯ ಹಾಗೆ ಮಲಗುತ್ತಿದ್ದ. ಬೇರೆ ದೇಶಗಳಲ್ಲೂ ಇಂಥ ಪದ್ಧತಿ ಇತ್ತು. ಮಾನವಶಾಸ್ತ್ರದಲ್ಲಿ ಇದರ ಹೆಸರು 'ಕೂವಾಡ್'. ನಗು ಬರ್ತದೆ, ನನಗೂ ಬಂತು. ಆದ್ರೆ ಅವನಿಗೂ ಇದರಲ್ಲಿ ಪಾಲಿದೆ ಅಂತ ಊರು ಒಪ್ಪಿತ್ತು.

ಆಮೇಲೆ ಹೆರಿಗೆ ಆಸ್ಪತ್ರೆಗೆ ಬಂತು. ತಾಯಿ, ಮಗು ಉಳಿಯೋಕೆ ಅದು ಬೇಕೇ ಇತ್ತು. ಗಂಡ ಮಾತ್ರ ಬಾಗಿಲಾಚೆ ನಿಂತ.

ಕಾಮರ್ಸ್‌ನೋರೇ, ಕಾನೂನೂ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ, ಮೊದಲೆರಡು ಮಕ್ಕಳಿಗೆ ತಾಯಿಗೆ 26 ವಾರ ರಜೆ ಬಂತು. ಅಪ್ಪನಿಗೆ ಅದರಲ್ಲಿ ಒಂದು ದಿನವೂ ಇರಲಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 1997ರಿಂದ 15 ದಿನ ಪಿತೃತ್ವ ರಜೆ ಇದೆ. ಅಣ್ಣನದು ಪ್ರೈವೇಟ್ ಕೆಲಸ. ಭಾನುವಾರವೇ ಅವನ ರಜೆ.

ಹೀಗೆ ಹೊರಗೆ ನಿಂತ ಗಂಡಸಿಗೆ ಊರು ಕೇಳೋದು ಒಂದೇ ಪ್ರಶ್ನೆ: ಗಂಡಾ, ಹೆಣ್ಣಾ? ಭ್ರೂಣಲಿಂಗ ಪತ್ತೆಗೆ 1994ರಲ್ಲೇ ಕಾನೂನು ನಿಷೇಧ ಹಾಕಿತು. ಆದರೂ 2023ರ ಕೊನೆಯಲ್ಲಿ ಬಂದ ಸುದ್ದಿ ನೆನಪಿದೆಯಲ್ಲ? ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ನಡೀತಿತ್ತು ಅಂತ ಪೊಲೀಸರು ಹೇಳಿದ್ರು. ಬೆಲ್ಲ ಕಾಯಿಸೋ ಜಾಗ! ಅಲ್ಲಿಗೆ ಹೆಂಗಸರು ಒಬ್ಬೊಬ್ಬರೇ ಬಂದಿರ್ತಾರಾ? ಯಾರೋ ಒಬ್ಬ ಗಂಡ, ಯಾರೋ ಒಬ್ಬ ಮಾವ ಗಾಡೀಲಿ ಕೂರಿಸ್ಕೊಂಡು ಬಂದಿರ್ತಾನೆ. ಬಂದವರೆಲ್ಲ ರಾಕ್ಷಸರು ಅಂದುಬಿಡೋದು ಸುಲಭ. ನನಗನ್ಸೋದು, ಅಪ್ಪ ಆಗೋದು ಅಂದ್ರೆ ಗಂಡು ಮಗು ಪಡೆಯೋದು ಅಂತಷ್ಟೇ ನಾವು ಅವರಿಗೆ ಕಲಿಸಿದ್ದೀವಿ.

ಕ್ಷೌರ ಬಿಡೋ ಕಾಲ ವಾಪಸ್ ಬರಲಿ ಅಂತ ಹೇಳ್ತಿಲ್ಲ. ಇವತ್ತಿನ ಕಟ್ಟುಪಾಡು ಬೇರೆ ಇರಬೇಕು: ಚೆಕಪ್‌ಗೆ ಜೊತೆಗೆ ಹೋಗೋದು, ರಾತ್ರಿ ಎದ್ದಿರೋದು, ಭಯ ಆದ್ರೆ ಬಾಯಿಬಿಟ್ಟು ಹೇಳೋದು.

ನಿಮ್ಮ ಮನೇಲೂ ಇಂಥ ಅಣ್ಣನೋ ಭಾವನೋ ಇದ್ರೆ 'ಗಂಡಾ, ಹೆಣ್ಣಾ' ಕೇಳಬೇಡಿ. 'ನೀನ್ ಹೆಂಗಿದ್ದೀಯಣ್ಣ?' ಅಂತ ಕೇಳಿ. ಅವತ್ತು ಬಸ್ ಬರೋ ಮುಂಚೆ ನಾನು ಕೇಳಬೇಕಿತ್ತು.

#ಮಂಡ್ಯ #ಮದ್ದೂರು #ಮಳವಳ್ಳಿ #ನಮ್ಮಚರಿತ್ರೆ