ಮುಚ್ಚಳದ ಹೊಳಪು

ಎರಡನೇ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಬಾಂಬಿನ ಬೆಂಕಿ ಬಿದ್ದೀತೆಂದು ರಾತ್ರಿ ಕಾರ್ಖಾನೆ ಕಾಯುತ್ತಿದ್ದ ವಿಲಿಯಂ ಲಯನ್ಸ್ ಮತ್ತು ಅವರ ಎಂಜಿನಿಯರುಗಳು ಹೊಸದೊಂದು ಎಂಜಿನ್ನಿನ ಬಗ್ಗೆ ಚರ್ಚಿಸುತ್ತಿದ್ದರು. ಅದಕ್ಕೆ ಶಕ್ತಿಯಿದ್ದರೆ ಸಾಲದು, ನೋಡಲೂ ಚೆಂದವಿರಬೇಕೆಂಬುದು ಲಯನ್ಸರ ಹಟ. 1948ರ ಲಂಡನ್ ಮೋಟಾರು ಪ್ರದರ್ಶನಕ್ಕೆ ಬಂದ ಜಾಗ್ವಾರ್ ಎಕ್ಸ್‌ಕೆ 120 ಕಾರಿನ ಎಂಜಿನ್ ಆ ಹಟದ ಫಲ. ಅದರ ಎರಡು ಕ್ಯಾಮ್‌ಶಾಫ್ಟುಗಳ ಮೇಲೆ ಥಳಥಳಿಸುವ ಅಲ್ಯೂಮಿನಿಯಂ ಮುಚ್ಚಳಗಳಿದ್ದವು.

ಈ ಹೊಳಪು ತಾನಾಗಿ ಉಳಿಯದು. ಗಾಳಿ ಸೋಕಿದೊಡನೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆ ಹೊದೆಯುತ್ತದೆ. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ. ಈ ಪೊರೆ ಲೋಹವನ್ನು ಕಾಯುತ್ತದೆ. ಆದರೂ ತೇವ, ಉಪ್ಪು, ಜಿಡ್ಡು ಸೇರಿ ಮೈ ಮಂಕಾಗುತ್ತದೆ. ಬಲ್ಲವರು ಮೊದಲು ಜಿಡ್ಡು ತೆಗೆದು, ನಯವಾದ ವಾಟರ್ ಪೇಪರಿನಿಂದ ತಿಕ್ಕಿ, ಕೊನೆಗೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ಉಜ್ಜುತ್ತಾರೆ. ಅವಸರಕ್ಕೆ ಕಾಸ್ಟಿಕ್ ಸೋಡ ಬಳಸಿದರೆ ಪೊರೆಯ ಜೊತೆಗೆ ಲೋಹವೂ ಕರಗುತ್ತದೆ.

ಉತ್ಸಾಹದಲ್ಲಿ ಎಲ್ಲವನ್ನೂ ಹೊಳೆಯಿಸುವುದೂ ತಪ್ಪೇ. ಒರಟಾಗಿಯೇ ಬಿಟ್ಟಿದ್ದ ಭಾಗವನ್ನು ಉಜ್ಜಿದರೆ ಎರಕದ ಗುರುತುಗಳು ಅಳಿಯುತ್ತವೆ. ಮಂಕಾದ ಮುಚ್ಚಳಕ್ಕೆ ಹೊಳಪನ್ನು ಮತ್ತೆ ತರಬಹುದು. ಅಳಿದ ಗುರುತನ್ನು ತರಲಾಗದು. ಎಲ್ಲಿ ಉಜ್ಜಬೇಕು ಎಂಬುದಕ್ಕಿಂತ ಎಲ್ಲಿ ಕೈ ತಡೆಯಬೇಕು ಎಂಬುದೇ ಇಲ್ಲಿನ ದೊಡ್ಡ ವಿದ್ಯೆ.