ಓದುವ ಬಾಗಿಲು, ಬರೆಯುವ ಬಾಗಿಲು

ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ 2014ರಲ್ಲಿ ಎಬೋಲಾ ರೋಗ ಕಾಣಿಸಿಕೊಂಡಾಗ ಅಲ್ಲಿನ ವೈದ್ಯರು ಅದನ್ನು ನಿರೀಕ್ಷಿಸಿಯೇ ಇರಲಿಲ್ಲ. ಎಬೋಲಾ ಎಂದರೆ ದೂರದ ಮಧ್ಯ ಆಫ್ರಿಕದ ಕಾಡಿನ ಕಾಯಿಲೆ, ತಮ್ಮ ಕಡೆಗೆ ಅದು ಇಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಲೈಬೀರಿಯ ಮತ್ತು ಅದರ ನೆರೆಯ ಗಿನಿ, ಸಿಯೆರಾ ಲಿಯೋನ್ ದೇಶಗಳಲ್ಲಿ ಒಟ್ಟು 11,000ಕ್ಕೂ ಹೆಚ್ಚು ಜನ ಆ ಪಿಡುಗಿಗೆ ಬಲಿಯಾದರು.

ರೋಗ ಇಳಿಮುಖವಾಗುತ್ತಿದ್ದಾಗ, 2015ರ ಏಪ್ರಿಲ್‌ನಲ್ಲಿ, ಲೈಬೀರಿಯದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಬರ್ನಿಸ್ ಡಾನ್ ಅವರು ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರಲ್ಲಿದ್ದ ಸಂಗತಿ ಓದಿದವರನ್ನು ಬೆಚ್ಚಿಬೀಳಿಸುವಂಥದು. ಯುರೋಪಿನ ಸಂಶೋಧಕರು ಲೈಬೀರಿಯದ ಜನರ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಎಬೋಲಾ ಇರುವ ಪ್ರದೇಶಗಳ ಪಟ್ಟಿಗೆ ಈ ದೇಶವನ್ನೂ ಸೇರಿಸಬೇಕೆಂದು 1982ರಲ್ಲೇ ಬರೆದಿದ್ದರು! ಮೂವತ್ತೆರಡು ವರ್ಷ ಮುಂಚೆಯೇ ಎಚ್ಚರಿಕೆ ಅಚ್ಚಾಗಿತ್ತು. ಆದರೆ ಅದು ಅಚ್ಚಾದದ್ದು ಯುರೋಪಿನ ಪತ್ರಿಕೆಯಲ್ಲಿ. ಅಂಥ ಒಂದು ಲೇಖನವನ್ನು ಅಂತರ್ಜಾಲದಿಂದ ಪಡೆಯಲು 45 ಡಾಲರ್ ತೆರಬೇಕಿತ್ತು. ಅದು ಲೈಬೀರಿಯದ ವೈದ್ಯರೊಬ್ಬರ ಸುಮಾರು ಅರ್ಧ ವಾರದ ಸಂಬಳ. ಡಾನ್ ಮತ್ತು ಅವರ ಸಂಗಡಿಗರು ಇನ್ನೊಂದು ಮಾತನ್ನೂ ಗಮನಕ್ಕೆ ತಂದರು. ಆ ಸಂಶೋಧನೆಗಳನ್ನು ಬರೆದವರಲ್ಲಿ ಲೈಬೀರಿಯದ ವಿಜ್ಞಾನಿ ಒಬ್ಬರೂ ಇರಲಿಲ್ಲ.

ಈ ಎರಡನೆಯ ಮಾತನ್ನು ಜನ ಮರೆತುಬಿಡುತ್ತಾರೆ. ಲೇಖನ ಉಚಿತವಾಗಿ ಸಿಕ್ಕಿದ್ದರೆ ಪಿಡುಗು ನಿಂತೇಬಿಡುತ್ತಿತ್ತು ಎನ್ನುವುದು ಸರಳ ಮಾತಾದೀತು. ಆದರೆ ಅದನ್ನು ಬರೆದವರಲ್ಲಿ ಸ್ಥಳೀಯ ವೈದ್ಯರೊಬ್ಬರು ಇದ್ದಿದ್ದರೆ ಆ ತಿಳಿವಳಿಕೆ ಆ ದೇಶದಲ್ಲೇ ಉಳಿದಿರುತ್ತಿತ್ತಲ್ಲವೆ? ವೈದ್ಯಕೀಯ ಪತ್ರಿಕೆಗೆ ಎರಡು ಬಾಗಿಲುಗಳಿವೆ. ಒಂದು ಓದುಗನದು, ಇನ್ನೊಂದು ಬರೆಯುವವನದು. ಈ ಎರಡನ್ನೂ ತೆರೆಯಲು ನಡೆದ ಪ್ರಯತ್ನಗಳ ಇತಿಹಾಸವನ್ನು ಇಲ್ಲಿ ಸ್ವಲ್ಪ ನೋಡೋಣ.

ಓದುಗನ ಬಾಗಿಲನ್ನು ಒದ್ದು ತೆರೆದವರಲ್ಲಿ ಲಂಡನ್ನಿನ ಥಾಮಸ್ ವೇಕ್ಲಿ ಎಂಬ ಶಸ್ತ್ರವೈದ್ಯ ಪ್ರಮುಖ. ಆ ಕಾಲದಲ್ಲಿ ದೊಡ್ಡ ಆಸ್ಪತ್ರೆಗಳ ಹೆಸರಾಂತ ವೈದ್ಯರ ಉಪನ್ಯಾಸ ಕೇಳಬೇಕಾದರೆ ವಿದ್ಯಾರ್ಥಿಗಳು ಕೈತುಂಬ ಶುಲ್ಕ ಕೊಡಬೇಕಿತ್ತು. ವೇಕ್ಲಿ 1823ರ ಅಕ್ಟೋಬರ್‌ನಲ್ಲಿ 'ಲ್ಯಾನ್ಸೆಟ್' ಎಂಬ ವಾರಪತ್ರಿಕೆ ಹೊರಡಿಸಿ, ಸರ್ ಆಸ್ಟ್ಲಿ ಕೂಪರ್ ಅವರ ಉಪನ್ಯಾಸಗಳನ್ನು ಅನುಮತಿಯಿಲ್ಲದೆ ಅದರಲ್ಲಿ ಅಚ್ಚುಹಾಕತೊಡಗಿದ. ಬೆಲೆ ಆರು ಪೆನ್ಸ್! ಕೂಪರ್ ಹೇಗೋ ಹೊಂದಿಕೊಂಡರು. ಆದರೆ ಜಾನ್ ಅಬರ್ನೆತಿ ಎಂಬ ಇನ್ನೊಬ್ಬ ಖ್ಯಾತ ವೈದ್ಯರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪತ್ರಿಕೆ ಅದಕ್ಕೆಲ್ಲ ಜಗ್ಗಲಿಲ್ಲ, ಇಂದಿಗೂ ಬಾಳುತ್ತಿದೆ. ಕಾಲದ ಚೋದ್ಯ ನೋಡಿ: ಬಡ ವಿದ್ಯಾರ್ಥಿಗಾಗಿ ಹುಟ್ಟಿದ ಅದೇ 'ಲ್ಯಾನ್ಸೆಟ್' 1991ರಲ್ಲಿ ಎಲ್ಸೆವಿಯರ್ ಎಂಬ ಬೃಹತ್ ಪ್ರಕಾಶನ ಸಂಸ್ಥೆಯ ಒಡೆತನಕ್ಕೆ ಸೇರಿತು. ಚಂದಾ ಏರಿಕೆಯ ವಿಷಯದಲ್ಲಿ ಗ್ರಂಥಪಾಲಕರು ಹೆಚ್ಚು ದೂರಿದ ಸಂಸ್ಥೆಗಳಲ್ಲಿ ಅದೂ ಒಂದು.

ವಿದ್ವತ್ ಪತ್ರಿಕೆಯ ಹಣಕಾಸಿನ ಲೆಕ್ಕ ಬಹಳ ವಿಚಿತ್ರವಾದದ್ದು. ಸಂಶೋಧನೆಗೆ ಹಣ ಕೊಡುವುದು ಬಹುಮಟ್ಟಿಗೆ ಸರ್ಕಾರ. ಲೇಖನ ಬರೆದವರಿಗೆ ಸಂಭಾವನೆಯಿಲ್ಲ. ಲೇಖನ ಅಚ್ಚಾಗುವ ಮುನ್ನ ಅದೇ ವಿಷಯದ ಇಬ್ಬರು ಮೂವರು ತಜ್ಞರು ಅದನ್ನು ಓದಿ ತಪ್ಪು ಒಪ್ಪು ಹೇಳುತ್ತಾರೆ, ಅವರಿಗೂ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಹೀಗೆ ಪುಕ್ಕಟೆಯಾಗಿ ಬಂದ ಸರಕನ್ನು ಪ್ರಕಾಶಕರು ತಿದ್ದಿ, ಜೋಡಿಸಿ, ಅಚ್ಚುಹಾಕಿ, ಲೇಖಕರ ಕಾಲೇಜಿಗೇ ಚಂದಾ ರೂಪದಲ್ಲಿ ಮಾರುತ್ತಾರೆ. ಕಾಗದ, ಅಚ್ಚು, ಅಂಚೆ ಎಂದು ಖರ್ಚು ಇದ್ದೇ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಂದಾ ಏರಿದ ವೇಗಕ್ಕೂ ಆ ಖರ್ಚಿಗೂ ಸಂಬಂಧವೇ ಉಳಿದಿರಲಿಲ್ಲ. ಕಾಲೇಜುಗಳು ಒಂದೊಂದೇ ಪತ್ರಿಕೆಯನ್ನು ನಿಲ್ಲಿಸುತ್ತ ಬಂದವು. ಆ ಕಾಲದ ವೈದ್ಯ ವಿದ್ಯಾರ್ಥಿಗಳಿಗೆ ಕಾರ್ಡಿನ ನೆನಪು ಇದ್ದೀತು. ಬೇಕಾದ ಲೇಖನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಅದರ ಲೇಖಕರಿಗೇ ಒಂದು ಕಾರ್ಡು ಬರೆದು, ದಯವಿಟ್ಟು ಒಂದು ಪ್ರತಿ ಕಳಿಸಿ ಎಂದು ಕೇಳುವುದು ವಾಡಿಕೆ. ತಿಂಗಳುಗಟ್ಟಲೆ ಕಾದರೆ ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಇಲ್ಲ.

ಅಂತರ್ಜಾಲ ಬಂದ ಮೇಲೆ ಕಾಗದ ಮತ್ತು ಅಂಚೆಯ ನೆಪ ಹೋಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರೂ ನೊಬೆಲ್ ಪುರಸ್ಕೃತರೂ ಆಗಿದ್ದ ಹೆರಾಲ್ಡ್ ವರ್ಮಸ್ 1999ರಲ್ಲಿ, ಜೀವವಿಜ್ಞಾನದ ಎಲ್ಲ ಲೇಖನಗಳೂ ಒಂದೇ ಕಡೆ ಉಚಿತವಾಗಿ ಸಿಗುವಂತೆ ಮಾಡೋಣ ಎಂದು ಸೂಚಿಸಿದರು. ಪ್ರಕಾಶಕರ ವಿರೋಧದಿಂದ ಆ ಯೋಜನೆ ಸೊರಗಿದರೂ 2000ದಲ್ಲಿ 'ಪಬ್‌ಮೆಡ್ ಸೆಂಟ್ರಲ್' ಎಂಬ ಉಚಿತ ಭಂಡಾರವಾಗಿ ಉಳಿದುಕೊಂಡಿತು. ಬಳಿಕ ವರ್ಮಸ್, ಪ್ಯಾಟ್ರಿಕ್ ಬ್ರೌನ್ ಮತ್ತು ಮೈಕೆಲ್ ಐಸೆನ್ ಸೇರಿ ಒಂದು ಬಹಿರಂಗ ಪತ್ರ ಹೊರಡಿಸಿದರು. ಪ್ರಕಟವಾದ ಆರು ತಿಂಗಳೊಳಗೆ ಲೇಖನಗಳನ್ನು ಉಚಿತವಾಗಿ ಬಿಡದ ಪತ್ರಿಕೆಗಳಿಗೆ ತಾವು ಬರೆಯುವುದಿಲ್ಲ ಎಂದು ಸುಮಾರು 34,000 ವಿಜ್ಞಾನಿಗಳು ಅದಕ್ಕೆ ಸಹಿ ಮಾಡಿದರು. ಗಡುವು ಮುಗಿಯಿತು. ಬಹುತೇಕ ಪತ್ರಿಕೆಗಳು ಕದಲಲಿಲ್ಲ, ಸಹಿ ಹಾಕಿದವರಲ್ಲಿ ಬಹುಮಂದಿ ಮತ್ತೆ ಅವುಗಳಿಗೇ ಬರೆದರು! ಅವರನ್ನು ದೂರಿ ಫಲವಿಲ್ಲ. ಕೆಲಸ, ಬಡ್ತಿ ಎಲ್ಲವೂ ಆ ಪತ್ರಿಕೆಗಳ ಹೆಸರಿನ ಮೇಲೆ ನಿಂತಿತ್ತು.

ಆಗ ಆ ಮೂವರೂ ತಾವೇ ಪತ್ರಿಕೆ ನಡೆಸಲು ಹೊರಟರು. 2003ರ ಅಕ್ಟೋಬರ್‌ನಲ್ಲಿ 'ಪ್ಲಾಸ್ ಬಯಾಲಜಿ', 2004ರ ಅಕ್ಟೋಬರ್‌ನಲ್ಲಿ 'ಪ್ಲಾಸ್ ಮೆಡಿಸಿನ್' ಹೊರಬಂದವು. ಇಂಥ ಪತ್ರಿಕೆಗೆ ಮುಕ್ತ ಪ್ರವೇಶದ ಪತ್ರಿಕೆ ಎಂದು ಹೆಸರು. ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಬಹುದು, ಪಾಠಕ್ಕೆ ಬಳಸಬಹುದು, ಮೂಲ ಲೇಖಕರ ಹೆಸರು ಹೇಳಿದರೆ ಸಾಕು. 'ಪ್ಲಾಸ್ ಮೆಡಿಸಿನ್' ಔಷಧ ಕಂಪನಿಗಳ ಜಾಹೀರಾತನ್ನೂ ಬೇಡವೆಂದಿತು. ಮರುವರ್ಷ ಅದರಲ್ಲಿ ಜಾನ್ ಇಯೊಆನಿಡಿಸ್ ಬರೆದ ಪ್ರಬಂಧ, ಪ್ರಕಟವಾಗುವ ಸಂಶೋಧನಾ ಫಲಿತಾಂಶಗಳಲ್ಲಿ ಹೆಚ್ಚಿನವು ತಪ್ಪಾಗಿರುತ್ತವೆ ಎಂದು ವಾದಿಸಿ ಲೋಕವನ್ನೇ ಬಡಿದೆಬ್ಬಿಸಿತು. ಒಂದು ವರ್ಷವೂ ತುಂಬದ ಪತ್ರಿಕೆಗೆ ಇದು ಸಣ್ಣ ಸಾಧನೆಯಲ್ಲ.

ಆದರೆ ಓದುಗ ಹಣ ಕೊಡದಿದ್ದರೆ ಸಂಪಾದಕರ ಸಂಬಳ ಎಲ್ಲಿಂದ ಬರಬೇಕು? ಇದಕ್ಕೆ ಪ್ಲಾಸ್ ಕಂಡುಕೊಂಡ ಉತ್ತರ, ಲೇಖನ ಸ್ವೀಕೃತವಾದ ಮೇಲೆ ಲೇಖಕರಿಂದ 1,500 ಡಾಲರ್ ಪಡೆಯುವುದು. ಆಗಿನ ವಿನಿಮಯದಲ್ಲಿ ಅದು 65,000 ರೂಪಾಯಿಗೂ ಮೇಲು. ಕೊಡಲಾಗದವರಿಗೆ ವಿನಾಯಿತಿ ಇತ್ತು, ಯಾರು ಕೊಡಬಲ್ಲರು ಯಾರು ಕೊಡಲಾರರು ಎಂಬುದು ಲೇಖನ ಆರಿಸುವವರಿಗೆ ತಿಳಿಯದ ಹಾಗೆ ಏರ್ಪಾಡೂ ಇತ್ತು. ಆದರೂ ವಿನಾಯಿತಿ ಬೇಡುವುದು ಎಂದರೆ ಬೇಡುವುದೇ. ಜಿಲ್ಲಾ ಆಸ್ಪತ್ರೆಯ ವೈದ್ಯನೊಬ್ಬ ಆ ಮೊತ್ತ ನೋಡಿಯೇ ಲಕೋಟೆ ಮಡಿಸಿಟ್ಟಿರುವುದು ಅಸಂಭವವೇನಲ್ಲ. ಓದುವ ಬಾಗಿಲು ಪೂರ್ತಿ ತೆರೆಯುವಾಗ ಬರೆಯುವ ಬಾಗಿಲು ಅರ್ಧ ಮುಚ್ಚಿಕೊಂಡಿತು.

ಇದಕ್ಕೆ ಇನ್ನೊಂದು ಉತ್ತರವೂ ಇತ್ತು, ಅದು ನಮ್ಮ ದೇಶದಲ್ಲೇ ಇತ್ತು. ಮುಂಬಯಿಯ ಪರೇಲ್‌ನಲ್ಲಿರುವ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು ಮತ್ತು ಕೆ.ಇ.ಎಂ. ಆಸ್ಪತ್ರೆಯ ಅಧ್ಯಾಪಕರ ಸಂಘ 1955ರಿಂದ 'ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್' ಎಂಬ ತ್ರೈಮಾಸಿಕವನ್ನು ನಡೆಸಿಕೊಂಡು ಬಂದಿತ್ತು. ಹೊಸ ಶತಮಾನದ ಆರಂಭದಲ್ಲಿ ಅದು ತನ್ನ ಲೇಖನಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟಿತು, ಲೇಖಕರಿಂದಲೂ ಶುಲ್ಕ ಕೇಳಲಿಲ್ಲ. ಈ ಕೆಲಸದ ಹಿಂದೆ ಇದ್ದವರು ಡಿ.ಕೆ. ಸಾಹು. ಸ್ವತಃ ಮಕ್ಕಳ ವೈದ್ಯಶಾಸ್ತ್ರ ಓದಿದವರು, ಮೆಡ್‌ನೋ ಎಂಬ ಪ್ರಕಾಶನ ಸಂಸ್ಥೆ ಕಟ್ಟಿದರು. ಉಚಿತವಾಗಿ ಓದಲು ಸಿಕ್ಕರೆ ಚಂದಾದಾರರು ಓಡಿಹೋಗುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ನಡೆದದ್ದು ಬೇರೆ. ಪತ್ರಿಕೆಯನ್ನು ಅಂತರ್ಜಾಲದಲ್ಲಿ ಕಂಡವರು ಅಚ್ಚಿನ ಪ್ರತಿಯನ್ನೂ ಕೇಳಿದರು, ಹೊರದೇಶಗಳಿಂದ ಲೇಖನಗಳು ಬರತೊಡಗಿದವು ಎಂದು ಸಾಹು ಸಭೆ ಸಭೆಗಳಲ್ಲಿ ಲೆಕ್ಕ ಕೊಟ್ಟು ತೋರಿಸಿದರು. ಚಂದಾ, ಜಾಹೀರಾತು, ಸಂಘದ ನೆರವು, ಅಧ್ಯಾಪಕರ ಸಂಬಳವಿಲ್ಲದ ದುಡಿಮೆ, ಇವುಗಳ ಬಲದ ಮೇಲೆ ಪತ್ರಿಕೆ ನಿಂತಿತ್ತು. ಭಾರತದ ಹತ್ತಾರು ವೈದ್ಯಕೀಯ ಸಂಘಗಳು ಅದೇ ದಾರಿ ಹಿಡಿದವು. 2011ರಲ್ಲಿ ಮೆಡ್‌ನೋವನ್ನು ವೋಲ್ಟರ್ಸ್ ಕ್ಲೂವರ್ ಎಂಬ ವಿದೇಶಿ ಸಂಸ್ಥೆ ಕೊಂಡಿತು ಎಂಬುದನ್ನೂ ಹೇಳಿಬಿಡಬೇಕು.

ನಮಗಿಂತ ಮುಂಚೆ ಬ್ರೆಜಿಲ್ 1998ರಲ್ಲೇ 'ಸೈಯೆಲೊ' ಎಂಬ ಹೆಸರಿನಲ್ಲಿ ಸಾರ್ವಜನಿಕ ಹಣದಿಂದ ತನ್ನ ಪತ್ರಿಕೆಗಳನ್ನು ಒಟ್ಟಾಗಿ ಉಚಿತವಾಗಿ ಒದಗಿಸುವ ವ್ಯವಸ್ಥೆ ಮಾಡಿಕೊಂಡಿತ್ತು. ಈ ಎರಡು ಅನುಭವಗಳೂ ಬೆಂಗಳೂರಿನಲ್ಲಿ ಕೂಡಿದ್ದು 2006ರ ನವೆಂಬರ್‌ನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾರತ, ಬ್ರೆಜಿಲ್, ಚೀನ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳವರು ಸೇರಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾದರಿಯಾಗುವ ಒಂದು ಮುಕ್ತ ಪ್ರವೇಶ ನೀತಿಯ ಕರಡನ್ನು ರೂಪಿಸಿದರು. ಚೆನ್ನೈಯ ಸುಬ್ಬಯ್ಯ ಅರುಣಾಚಲಂ ಅವರಂಥವರು ವರ್ಷಗಟ್ಟಲೆ ಊರೂರು ಸುತ್ತಿ ಈ ಮಾತನ್ನು ಹೇಳುತ್ತಿದ್ದರು.

ಸ್ವದೇಶದಲ್ಲಿ ಪತ್ರಿಕೆ ಇರುವುದರಿಂದ ಏನು ಲಾಭ ಎಂದು ಕೇಳುವವರಿಗೆ ನಮ್ಮ ಶಿವಮೊಗ್ಗ ಜಿಲ್ಲೆಯ ಉದಾಹರಣೆ ಸಾಕು. 1957ರಲ್ಲಿ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು, ಜನ ಜ್ವರದಲ್ಲಿ ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ತನಿಖೆ ಮಾಡಿದರು. ಮಂಗನ ಕಾಯಿಲೆ ಎಂದು ನಾವು ಕರೆಯುವ ಆ ರೋಗದ ಮೊದಲ ವರದಿಗಳಲ್ಲಿ ಒಂದು ಅದೇ ವರ್ಷ ಮುಂಬಯಿಯ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಮಲೆನಾಡಿನ ಜ್ವರದ ಸುದ್ದಿ ತಿಳಿಯಲು ಭಾರತದ ವೈದ್ಯರು ಯುರೋಪಿನ ಪತ್ರಿಕೆಯ ದಾರಿ ಕಾಯಬೇಕಾಗಲಿಲ್ಲ.

ಶುಲ್ಕ ಇಲ್ಲದಿದ್ದರೂ ಬರೆಯುವ ಬಾಗಿಲು ತಾನಾಗಿ ತೆರೆಯುವುದಿಲ್ಲ. ನೂರಾರು ರೋಗಿಗಳನ್ನು ನೋಡಿ ಅನುಭವವುಳ್ಳ ವೈದ್ಯನಿಗೆ ಅಂಕಿ ಅಂಶಗಳನ್ನು ಹೇಗೆ ಜೋಡಿಸಬೇಕು, ಇಂಗ್ಲಿಷಿನಲ್ಲಿ ಹೇಗೆ ಮಂಡಿಸಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. 'ಜರ್ನಲ್ ಆಫ್ ಪಬ್ಲಿಕ್ ಹೆಲ್ತ್ ಪಾಲಿಸಿ' ಪತ್ರಿಕೆಯ ಸಂಪಾದಕರಾದ ಫಿಲಿಸ್ ಫ್ರೀಮನ್ ಮತ್ತು ಆಂಥೊನಿ ರಾಬಿನ್ಸ್ ಅವರಿಗೆ ಬಡ ದೇಶಗಳಿಂದ ಬರುವ ಲೇಖನಗಳನ್ನು ನೋಡಿ ಒಂದು ವಿಚಾರ ಹೊಳೆಯಿತು. ಇವನ್ನು ತಿರಸ್ಕರಿಸುವ ಬದಲು, ಅನುಭವಿ ಬರಹಗಾರರೊಬ್ಬರನ್ನು ಹೊಸಬರಿಗೆ ಜೊತೆ ಮಾಡಿಕೊಟ್ಟರೆ ಹೇಗೆ? ಅದರಿಂದ ಹುಟ್ಟಿದ 'ಆಥರ್‌ಏಡ್' ಎಂಬ ಕಾರ್ಯಕ್ರಮವನ್ನು ಆಕ್ಸ್‌ಫರ್ಡಿನ ಇನಾಸ್ಪ್ ಸಂಸ್ಥೆ 2007ರಲ್ಲಿ ಆರಂಭಿಸಿತು. ಗುರು ಶಿಷ್ಯರು ಬೇರೆ ಬೇರೆ ಖಂಡಗಳಲ್ಲಿದ್ದು ಒಂದು ಲೇಖನವನ್ನು ತಿದ್ದುತ್ತ ಹೋಗುವ ಏರ್ಪಾಡು ಅದು.

ಬರೆಯುವವರ ಈ ಆಸೆಯನ್ನೇ ಬಂಡವಾಳ ಮಾಡಿಕೊಂಡವರೂ ಹುಟ್ಟಿದರು. ತಜ್ಞರ ಪರಿಶೀಲನೆಯನ್ನೇ ಮಾಡದೆ, ಹಣ ಪಡೆದು ಏನನ್ನಾದರೂ ಪ್ರಕಟಿಸುವ ಸುಳ್ಳು ಪತ್ರಿಕೆಗಳು 2010ರಿಂದೀಚೆಗೆ ನಾಯಿಕೊಡೆಗಳಂತೆ ಎದ್ದವು. ಅವುಗಳಲ್ಲಿ ನಮ್ಮ ದೇಶದವೂ ಬಹಳ ಎಂಬುದು ನಾಚಿಕೆಯ ಸಂಗತಿ. 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಹೈದರಾಬಾದ್ ಮೂಲದ ಒಂದು ಪ್ರಕಾಶನ ಸಂಸ್ಥೆ ಲೇಖಕರನ್ನು ವಂಚಿಸಿದೆಯೆಂದು 5 ಕೋಟಿ ಡಾಲರಿಗೂ ಹೆಚ್ಚು ದಂಡ ವಿಧಿಸಿತು. ಅಧ್ಯಾಪಕರ ಬಡ್ತಿಗೆ ಲೇಖನಗಳ ಎಣಿಕೆಯೇ ಅಳತೆಯಾದಾಗ ಇದು ಆಗದೆ ಇರುತ್ತದೆಯೇ?

ಇನ್ನು ಇತ್ತೀಚಿನ ಬೆಳವಣಿಗೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 2025ರಿಂದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದವು. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಇದು ಕೊಂಡುಕೊಂಡ ಪ್ರವೇಶ, ಮುಕ್ತ ಪ್ರವೇಶವಲ್ಲ. ತಾಲ್ಲೂಕಿನಲ್ಲಿ ಸ್ವಂತ ಔಷಧಾಲಯ ನಡೆಸುವ ವೈದ್ಯರಿಗೆ ಈ ಬಾಗಿಲು ತೆರೆದಿಲ್ಲ. ಅದೇ 2025ರ ಜನವರಿಯಿಂದ ಗೇಟ್ಸ್ ಪ್ರತಿಷ್ಠಾನ, ತನ್ನ ನೆರವು ಪಡೆದ ಸಂಶೋಧಕರ ಪರವಾಗಿ ಪತ್ರಿಕೆಗಳಿಗೆ ಲೇಖನ ಶುಲ್ಕ ಕಟ್ಟುವುದನ್ನು ನಿಲ್ಲಿಸಿತು. ಬದಲಿಗೆ, ಬರೆದ ಲೇಖನದ ಕರಡನ್ನೇ ಮೊದಲು ಅಂತರ್ಜಾಲದಲ್ಲಿ ಎಲ್ಲರಿಗೂ ಇಡಬೇಕು ಎಂದಿತು. ಪರೇಲ್‌ನ ತ್ರೈಮಾಸಿಕ ಈಗಲೂ ಹೊರಬರುತ್ತಿದೆ.