ಬ್ಯಾಂಟಿಂಗ್ ಅಜ್ಜನ ತೂಕ, ನನ್ನ ತೂಕ

ನನ್ನ ಮಗಳು ಸ್ವೀಡನ್ನಿನಾಗ ಇರ್ತಾಳ. ಹೋದ ತಿಂಗಳು ಫೋನಿನಾಗ, "ಅಮ್ಮಾ, ಇಲ್ಲೆ ಡಯಟ್ ಮಾಡೂದಕ್ಕ 'ಬಾಂಟಾ' ಅಂತಾರ. ಅದು ಒಬ್ಬ ಮನಷ್ಯಾನ ಹೆಸರಿನಿಂದ ಬಂದದ್ದಂತ" ಅಂದ್ಲು. ನನಗ ನಗು ಬಂತು. ಆಮ್ಯಾಲೆ ಆ ಮನಷ್ಯಾ ಬರದ ಸಣ್ಣ ಪುಸ್ತಕಾ ಹುಡುಕಿ, ಅದರಾಗಿಂದು ಅಷ್ಟಿಷ್ಟು ಕನ್ನಡದಾಗ ಹೇಳಿದ್ಲು. ಕೇಳ್ತ ಕೇಳ್ತ ನಗು ನಿಂತು ಹೋತು.

ಅವನ ಹೆಸರು ವಿಲಿಯಂ ಬ್ಯಾಂಟಿಂಗ್. ಲಂಡನ್ನಿನಾವ. ರಾಜಮನಿತನದವರು ತೀರಿಕೊಂಡ್ರ ಅಂತ್ಯಸಂಸ್ಕಾರದ ವ್ಯವಸ್ಥಾ ಮಾಡೂ ಮನಿತನ ಅವರದು. 1862ರಾಗ ಅವಗ ಅರವತ್ತೈದು ದಾಟಿತ್ತು. ಎತ್ತರ 5 ಅಡಿ 5 ಇಂಚು, ತೂಕ 202 ಪೌಂಡು, ಅಂದ್ರ ನಮ್ಮ ಲೆಕ್ಕದಾಗ ಹತ್ತತ್ರ 92 ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲಿಕ್ಕೆ ಆಗ್ತಿದ್ದಿಲ್ಲ. ಮೆಟ್ಟಲಾ ಹಿಂದಮುಂದಾಗಿ ಇಳೀತಿದ್ದ. ತೂಕ ಇಳಸ್ಲಿಕ್ಕೆ ಹುಟ್ಟು ಹಾಕಿ ದೋಣಿ ನಡಸಿದ, ಹಸಿವಿ ಹೆಚ್ಚಾತು. ಉಗಿಸ್ನಾನಾ ಐವತ್ತು ಸರ್ತೆ ಮಾಡಿದ, ಬರೇ 6 ಪೌಂಡು ಇಳೀತು.

ಇದೆಲ್ಲಾ ಮೈ ಮಾತಾತು. ನನ್ನ ಮನಸಿಗೆ ಹತ್ತಿದ್ದು ಬ್ಯಾರೆ. ಮಂದಿ ಕೂಡೂ ಜಾಗಾದಾಗ, ಗಾಡಿಯೊಳಗ, ರಸ್ತಾದಾಗ ಜನಾ ಆಡೂ ಚುಚ್ಚು ಮಾತು ತಡಕೊಳ್ಳಲಾರದ ಮಂದಿಯೊಳಗ ಹೋಗೂದನ್ನ ಆದಷ್ಟು ತಪ್ಪಸ್ತಿದ್ದ ಅಂತ ಅಂವಾನ ಬರದಾನ. ರಾಜರ ಮನಿ ಕೆಲಸಾ ಮಾಡಿದ ದೊಡ್ಡ ಮನಷ್ಯಾ, ನಾಕು ಮಂದಿ ನಗ್ತಾರಂತ ಹಿಂದ ಸರೀತಿದ್ದ!

ನಂದೂ ಅದ ಕಥಿ. ಆರು ವರ್ಷದ ಹಿಂದ ನಮ್ಮ ಅಕ್ಕಾ ಹೋದ್ಲು. ಆಮ್ಯಾಲೆ ನನಗ ರಾತ್ರಿ ನಿದ್ದಿ ಇಲ್ಲ, ಹಗಲಿ ಏಳೂ ಮನಸಿಲ್ಲ. ನಡುರಾತ್ರಿ ಎದ್ದು ಅಡಗಿಮನ್ಯಾಗ ದೀಪಾ ಹಚ್ಚದ ಚುರುಮುರಿ ಡಬ್ಬಿ ಖಾಲಿ ಮಾಡ್ತಿದ್ದೆ. ಎರಡ ವರ್ಷದಾಗ 14 ಕಿಲೋ ಏರಿದೆ. ಓಣ್ಯಾಗ ಮಂದಿ, "ಆರಾಮ ಇದ್ದೀರಿ ಬಿಡ್ರಿ ವೈನಿ, ಮೈ ತುಂಬಿಕೊಂಡೀರಿ" ಅಂತಿದ್ರು. ಅಕ್ಕನ ಮಗಳ ಮದವಿಗೂ ಮೊಣಕಾಲು ಬ್ಯಾನಿ ನೆವಾ ಹೇಳಿ ಹೋಗಲಿಲ್ಲ. ಖರೇ ಬ್ಯಾನಿ ಮೊಣಕಾಲಿಂದು ಆಗಿದ್ದಿಲ್ಲ.

'ಆರಾಮ ಇದ್ದವರಿಗೆ ಮೈ ಬರ್ತದ' ಅನ್ನೂದು ಭಾಳ ಹಳೇ ಮಾತು ನೋಡ್ರಿ. ಚರಕಸಂಹಿತಾದಾಗ, ಅತಿ ದಪ್ಪ ಆಗ್ಲಿಕ್ಕೆ ಹೆಚ್ಚು ಉಣ್ಣೂದು, ಹಗಲಿ ಮಲಗೂದು ಇವುಗಳ ಜೋಡಿ ಚಿಂತಿ ಇಲ್ಲದಿರೂದು, ಯಾವಾಗ್ಲೂ ಖುಷಿಯಾಗಿರೂದು ಸೈತ ಕಾರಣ ಅಂತ ಹೇಳ್ಯಾರ. ವಿಲಾಯತಿಯೊಳಗೂ 1976ರಾಗ ದಪ್ಪ ಇದ್ದವರು ನಗಮುಖದವರೇನು ಅಂತ ಒಂದು ಅಧ್ಯಯನ ಬಂದಿತ್ತು. ನಮ್ಮ ಸಿನೇಮಾದಾಗೂ ದಪ್ಪ ಇದ್ದವರು ನಗಸ್ಲಿಕ್ಕೇ ಇರ್ತಾರಲ್ಲ.

ಖರೇ ಲೆಕ್ಕಾ ಹಂಗಿಲ್ಲ. 2010ರಾಗ ನೆದರ್ಲ್ಯಾಂಡ್ಸ್‌ನ ಸಂಶೋಧಕರು, ವರ್ಷಗಟ್ಟಲೆ ಜನರನ್ನ ನೋಡಿದ 15 ಅಧ್ಯಯನ ಒಟ್ಟುಗೂಡಿಸಿದ್ರು. ಬೊಜ್ಜು ಇದ್ದವರಿಗೆ ಮುಂದ ಖಿನ್ನತಾ ಬರೂ ಸಂಭವ 55% ಹೆಚ್ಚು, ಖಿನ್ನತಾ ಇದ್ದವರಿಗೆ ಮುಂದ ಬೊಜ್ಜು ಬರೂ ಸಂಭವ 58% ಹೆಚ್ಚು ಅಂತ ಕಂಡು ಬಂತು. ಅಂದ್ರ ಬಾಗಲಾ ಎರಡೂ ಕಡೆ ತಗೀತದ.

ಇದನ್ನ ಮರತ್ರ ಏನಾಗ್ತದ ಅನ್ನೂದಕ್ಕ ಒಂದು ಗುಳಿಗಿ ಕಥಿ ಅದ. ರಿಮೊನಬಂಟ್ ಅಂತ ಅದರ ಹೆಸರು. ಮಿದುಳಿನಾಗ ಹಸಿವಿ ಎಬ್ಬಸೂ ಜಾಗಾ ಮುಚ್ಚಿ ತೂಕ ಇಳಸ್ತಿತ್ತು. 2006ರಾಗ ಯುರೋಪಿನಾಗ ಮಾರಾಟಕ್ಕ ಬಂತು. ಆದ್ರ ಆ ಜಾಗಾ ಬರೇ ಹಸಿವಿಂದಲ್ಲ, ಮನಸಿನ ಸಮಾಧಾನದ್ದೂ ಹೌದು. ತೊಗೊಂಡವರೊಳಗ ಖಿನ್ನತಾ, ಜೀವಾ ಕಳಕೊಳ್ಳೂ ವಿಚಾರ ಹೆಚ್ಚಾದ್ವು. 2008ರಾಗ ಅಲ್ಲೆ ಮಾರಾಟ ನಿಲ್ಲಿಸಿದ್ರು, 2009ರಾಗ ನಮ್ಮ ದೇಶದಾಗೂ ಬಂದ್ ಮಾಡಿದ್ರು.

ಬ್ಯಾಂಟಿಂಗ್ ಅಜ್ಜನ ಕಥಿ ಛಲೋ ಮುಗೀತು. ಕಿವಿ ಮಂದಾತಂತ ಹೋದಾಗ ವಿಲಿಯಂ ಹಾರ್ವಿ ಅನ್ನೂ ಕಿವಿ ಡಾಕ್ಟರು ಬ್ರೆಡ್ಡು, ಬೆಣ್ಣಿ, ಹಾಲು, ಸಕ್ರಿ, ಬಿಯರು, ಆಲೂಗಡ್ಡಿ ಬಿಡಿಸಿದ್ರು. ಮಾಂಸ, ಮೀನು, ದಿನಾ ವೈನ್ ನಡೀತಿತ್ತಂತ. ನಮ್ಮ ಮನ್ಯಾಗ ಆಗೂ ಮಾತಲ್ಲ ಬಿಡ್ರಿ! ವರ್ಷದಾಗ 46 ಪೌಂಡು ಇಳದ. 1863ರಾಗ ಪುಸ್ತಕಾ ಅಚ್ಚು ಹಾಕಿಸಿ ಮೊದಲು ಪುಗಸಟ್ಟೆ ಹಂಚಿದ. ತನ್ನಂಗ ನೊಂದವರಿಗೆ ಮುಟ್ಟಲಿ ಅನ್ನೂದ ಅವನ ಆಸೆ. 81 ವರ್ಷ ಬದುಕಿ 1878ರಾಗ ತೀರಿಕೊಂಡ.

ನನಗ ಮೊದಲು ತೋರಿಸಿದ ಡಾಕ್ಟರು ತಲಿ ಎತ್ತದ "ತಿನ್ನೂದು ಕಡಿಮಿ ಮಾಡ್ರಿ" ಅಂದು ಕಳಿಸಿದ್ರು. ಎರಡನೇದವರು "ನಿದ್ದಿ ಬರ್ತದೇನ್ರಿ?" ಅಂತ ಕೇಳಿದ್ರು. ಅಷ್ಟು ಕೇಳಿದ್ದಕ್ಕ ಅವರ ಮುಂದ ಅತ್ತುಬಿಟ್ಟೆ. ಮನಸಿನ ಔಷಧಾ ಒಂದ ವರ್ಷ ತೊಗೊಂಡೆ, ಅಕ್ಕನ ಸುದ್ದಿ ಬಾಯಿಬಿಟ್ಟು ಮಾತಾಡಿದೆ, ನಸಿಕಿನಾಗ ನಮ್ಮನಿಯವರ ಜೋಡಿ ಅಡ್ಡಾಡ್ಲಿಕ್ಕೆ ಸುರು ಮಾಡಿದೆ. 14 ಕಿಲೋದಾಗ ಇಳದದ್ದು 5. ನಡುರಾತ್ರಿ ಡಬ್ಬಿ ಮಾತ್ರ ಈಗ ಮುಟ್ಟೂದಿಲ್ಲ.

ಬರೂ ತಿಂಗಳು ಅಕ್ಕನ ಮಗನ ಮದವಿ ಅದ. ಕುಪ್ಪಸಾ ಸಡ್ಲ ಮಾಡ್ಲಿಕ್ಕೆ ಟೇಲರಗ ಕೊಟ್ಟೀನಿ. ಯಾರೇನರೆ ಅನ್ನಲಿ, ಅಕ್ಕನ ಜಾಗಾದಾಗ ನಿಂತು ಆರತಿ ಮಾಡೂದು ನನ್ನ ಪಾಳಿ. ಈ ಸರ್ತೆ ಹೊಂಟೀನಿ.